ಜಾಫ್ನಾದಲ್ಲಿ ಯುದ್ಧ, ಚಿನ್ನಸ್ವಾಮಿಯಲ್ಲಿ ಮ್ಯಾಚು: ಐಪಿಕೆಎಫ್ ಪ್ರಕರಣ

1987ರ ಅಕ್ಟೋಬರ್ 14, ಬುಧವಾರ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಶ್ವಕಪ್ ಮ್ಯಾಚು, ಭಾರತಕ್ಕೂ ನ್ಯೂಜಿಲೆಂಡಿಗೂ. ಸಿಧು 75 ಹೊಡೆದರು, ಕಪಿಲ್ ದೇವ್ ಔಟಾಗದೆ 72. ನಾವು 16 ರನ್ನಿನಿಂದ ಗೆದ್ದೆವು. ನನಗೆ ಆಗ 11 ವರ್ಷ. ಹಲಸೂರಿನ ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಗಳ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸಂಜೆ ಗೆದ್ದಾಗ ಪಟಾಕಿ ಹೊಡೆದಿದ್ದು, ಯಾರೋ ಎಲ್ಲರಿಗೂ ಶರಬತ್ತು ಕೊಟ್ಟಿದ್ದು ಇವತ್ತಿಗೂ ನೆನಪಿದೆ.

ಅದಕ್ಕೆ ಎರಡೇ ದಿನ ಮೊದಲು ಶ್ರೀಲಂಕಾದ ಉತ್ತರದಲ್ಲಿರುವ ಜಾಫ್ನಾ ಯೂನಿವರ್ಸಿಟಿಯ ಮೈದಾನದಲ್ಲಿ ನಮ್ಮ ಸೇನೆಯ 30 ಜನರ ಒಂದು ತುಕಡಿ ಹೆಲಿಕಾಪ್ಟರಿನಿಂದ ಇಳಿದಿತ್ತು. ಅವರಲ್ಲಿ 29 ಜನ ಸತ್ತರು. ಒಬ್ಬರು ಸೆರೆ ಸಿಕ್ಕರು. ನಮ್ಮ ಬೀದಿಯಲ್ಲಿ ಈ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ನಮ್ಮ ಮಾವ, ಅಮ್ಮನ ತಮ್ಮ, ಆಗ ಜಾಫ್ನಾದಲ್ಲೇ ಇದ್ದರು. ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಟ್ರೇನಿಂಗ್ ಮುಗಿಸಿದ ಸ್ಯಾಪರ್, ಅಂದರೆ ಸೇನೆಯ ಇಂಜಿನಿಯರ್ ದಳದ ಸೈನಿಕ. ಮನೆಗೆ ಗೊತ್ತಿದ್ದದ್ದು ಇನ್‌ಲ್ಯಾಂಡ್ ಲೆಟರಿನ ಮೇಲೆ ಬರೆಯಬೇಕಾದ ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿಯ, ನಂಬರ್ ಒಂದೇ. ಊರಿನ ಹೆಸರಿಲ್ಲದ ವಿಳಾಸ. ಅಜ್ಜಿ ಅದನ್ನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆಸಿಟ್ಟುಕೊಂಡಿದ್ದಳು.

ಭಾರತೀಯ ಶಾಂತಿಪಾಲನಾ ಪಡೆ, ಐಪಿಕೆಎಫ್, ಶ್ರೀಲಂಕಾದಲ್ಲಿ ಎರಡೂವರೆ ವರ್ಷಕ್ಕಿಂತ ಜಾಸ್ತಿ ಇತ್ತು. ಸುಮಾರು 1,200 ಸೈನಿಕರು ವಾಪಸ್ ಬರಲಿಲ್ಲ. ಕಾರ್ಗಿಲ್‌ನಲ್ಲಿ ಸತ್ತವರ ಎರಡು ಪಟ್ಟಿಗಿಂತ ಹೆಚ್ಚು. ಕಾರ್ಗಿಲ್ ಗೊತ್ತಿಲ್ಲದವರು ನಮ್ಮಲ್ಲಿಲ್ಲ. ಇದು ಗೊತ್ತಿರುವವರನ್ನು ಹುಡುಕಬೇಕು. ಜನ ಈ ಯುದ್ಧವನ್ನು ಸೋತದ್ದಕ್ಕೆ ಮರೆತರು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೋದ ಕೆಲಸ ನಡುವೆಯೇ ಬದಲಾಯಿತು, ಬದಲಾದದ್ದನ್ನು ಮನೆಯಲ್ಲಿ ಕೂತಿದ್ದವರಿಗೆ ಯಾರೂ ಹೇಳಲಿಲ್ಲ. ನಮ್ಮದು ಅಂತ ಜನ ಒಂದು ಸಲವೂ ಅಂದುಕೊಳ್ಳದ ಯುದ್ಧವನ್ನು ಜನ ನೆನಪಿಟ್ಟುಕೊಳ್ಳುವುದಾದರೂ ಹೇಗೆ?

ಮೊದಲಿನಿಂದ ನೋಡೋಣ. 1983ರ ಜುಲೈಯಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ನಿರಾಶ್ರಿತರು ದೋಣಿಗಳಲ್ಲಿ ರಾಮೇಶ್ವರದ ಕಡೆ ಬಂದರು. ಆಗಿನಿಂದಲೇ ಭಾರತ ತಮಿಳು ಗುಂಪುಗಳ ಹುಡುಗರಿಗೆ ಆಯುಧ, ತರಬೇತಿ ಕೊಟ್ಟಿತು. ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಕೂಡ ಅದರಲ್ಲಿ ಒಂದು. 1987ರ ಬೇಸಿಗೆಯಲ್ಲಿ ಶ್ರೀಲಂಕಾ ಸೇನೆ ಜಾಫ್ನಾವನ್ನು ಸುತ್ತಿಕೊಂಡಾಗ ಭಾರತ ದೋಣಿಗಳಲ್ಲಿ ಅಕ್ಕಿ, ಬೇಳೆ ಕಳಿಸಿತು. ಶ್ರೀಲಂಕಾ ನೌಕಾಪಡೆ ವಾಪಸ್ ಅಟ್ಟಿತು. ಮಾರನೇ ದಿನ, ಜೂನ್ 4ರಂದು, ಐದು ಎಎನ್-32 ವಿಮಾನಗಳು ಸುಮಾರು 25 ಟನ್ ಸಾಮಾನನ್ನು ಜಾಫ್ನಾ ಮೇಲೆ ಪ್ಯಾರಾಚೂಟಿನಲ್ಲಿ ಇಳಿಸಿದವು. ಮಿರಾಜ್ ಫೈಟರ್‌ಗಳ ಕಾವಲು ಬೇರೆ. ಆ ವಿಮಾನಗಳು ಹಾರಿದ್ದು ನಮ್ಮ ಬೆಂಗಳೂರಿನಿಂದಲೇ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಪೂಮಾಲೈ, ಅಂದರೆ ಹೂಮಾಲೆ.

ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು: ತಮಿಳು ಗುಂಪುಗಳು ಆಯುಧ ಒಪ್ಪಿಸಬೇಕು, ಶಾಂತಿ ಕಾಯಲು ಭಾರತದ ಸೇನೆ ಬರಬೇಕು ಅಂತ. ಮಾರನೇ ದಿನ ಗೌರವ ವಂದನೆ ಸಾಲಿನಲ್ಲಿ ನಿಂತಿದ್ದ ಶ್ರೀಲಂಕಾದ ನಾವಿಕನೊಬ್ಬ ಬಂದೂಕಿನ ಹಿಡಿಯನ್ನು ರಾಜೀವ್ ಅವರ ಮೇಲೆ ಬೀಸಿದ. ಆ ಒಂದು ಫೋಟೊ ಸಾಕಿತ್ತು ನಮಗೆ, ಅಲ್ಲಿನ ಸಿಂಹಳ ಜನ ಇದನ್ನು ಹೇಗೆ ತಗೊಂಡಿದ್ದಾರೆ ಅಂತ ತಿಳಿಯೋಕೆ. ನಾವು ಅದನ್ನು ಒಬ್ಬ ತಲೆಕೆಟ್ಟವನ ಕೆಲಸ ಅಂತ ಬಿಟ್ಟುಬಿಟ್ಟೆವು.

ಎಲ್‌ಟಿಟಿಇಗಂತೂ ಒಪ್ಪಂದದಲ್ಲಿ ಪಾಲೇ ಇರಲಿಲ್ಲ. ಸಹಿ ಮಾಡಿದ್ದು ಎರಡು ಸರ್ಕಾರ. ಆಯುಧ ಒಪ್ಪಿಸಬೇಕಾದವರು ಮೂರನೆಯವರು. ಇಬ್ಬರು ಸೇರಿ ಮೂರನೆಯವರ ಜಮೀನು ಮಾರಿದ ಹಾಗೆ. ಆಗಸ್ಟ್ 4ಕ್ಕೆ ಅದರ ನಾಯಕ ಪ್ರಭಾಕರನ್ ಸುತುಮಲೈ ಸಭೆಯಲ್ಲಿ, ಇದು ನಮ್ಮ ಮೇಲೆ ಹೇರಿದ ಒಪ್ಪಂದ ಅಂತ ಎಲ್ಲರೆದುರು ಹೇಳಿದರು. ಆದರೂ ಜಾಫ್ನಾದ ಜನ ನಮ್ಮ ಸೈನಿಕರಿಗೆ ಹಾರ ಹಾಕಿ ಬರಮಾಡಿಕೊಂಡರು. ಅದು ನಾಟಕ ಅಲ್ಲ. ಶ್ರೀಲಂಕಾ ಸೇನೆಯ ಬಾಂಬುಗಳಿಂದ ಬದುಕಿದೆವು ಅನ್ನುವ ನಿಜವಾದ ಖುಷಿ. ಮಾವ ಆ ತಿಂಗಳನ್ನು ಬಹಳ ಪ್ರೀತಿಯಿಂದ ನೆನೆಯುತ್ತಾರೆ. ಮನೆಯಲ್ಲಿ ಕನ್ನಡ ಆದರೂ ಹಲಸೂರಿನಲ್ಲಿ ಬೆಳೆದವರಿಗೆ ತಮಿಳು ತಾನಾಗೇ ಬರುತ್ತೆ. ಅಲ್ಲಿನ ಹೆಂಗಸರು ಅವರನ್ನು 'ತಂಬಿ' ಅಂತ ಕರೆದು ಎಳನೀರು ಕೊಡುತ್ತಿದ್ದರಂತೆ. ಎಂಇಜಿ ಸೈನಿಕರಿಗೆ ಸೇನೆಯಲ್ಲಿರುವ ಅಡ್ಡಹೆಸರೂ ತಂಬಿ ಅಂತಲೇ.

ಎರಡೇ ತಿಂಗಳು. ಸೆಪ್ಟೆಂಬರ್ 15ಕ್ಕೆ ತಿಲೀಪನ್ ಎಂಬ ಎಲ್‌ಟಿಟಿಇ ಯುವಕ ನಲ್ಲೂರು ದೇವಸ್ಥಾನದ ಹತ್ತಿರ, ಭಾರತದ ಮುಂದೆ ಬೇಡಿಕೆ ಇಟ್ಟು, ನೀರನ್ನೂ ಮುಟ್ಟದೆ ಉಪವಾಸ ಕೂತ. 26ಕ್ಕೆ ಸತ್ತ. ಆ ಹನ್ನೆರಡು ದಿನ ಸಾವಿರಾರು ಜನ ಬಂದು ಅವನನ್ನು ನೋಡಿದರು, ಮತ್ತು ಅವರಿಗೆ ಕಂಡದ್ದು ಗಾಂಧಿ ದೇಶದವರ ಎದುರಲ್ಲೇ ಗಾಂಧಿ ದಾರಿಯಲ್ಲಿ ಸಾಯುತ್ತಿರುವ ಒಬ್ಬ ಹುಡುಗ, ಅವನ ಬೇಡಿಕೆ ಎಷ್ಟು ಸರಿ ಎಷ್ಟು ತಪ್ಪು ಅನ್ನುವ ಲೆಕ್ಕ ಅಲ್ಲ. ನನ್ನ ಪ್ರಕಾರ ಜಾಫ್ನಾದ ಜನ ನಮ್ಮ ಕೈಬಿಟ್ಟದ್ದು ಅಲ್ಲಿ, ಗುಂಡು ಹಾರುವುದಕ್ಕೂ ಮೊದಲೇ. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆ ಎಲ್‌ಟಿಟಿಇಯ 17 ಜನರನ್ನು ಹಿಡಿಯಿತು. ಕೊಲಂಬೊಗೆ ಒಯ್ಯಲು ಹೊರಟಾಗ ಅವರು ಸಯನೈಡ್ ನುಂಗಿದರು, 12 ಜನ ಸತ್ತರು. ಅದಕ್ಕೆ ಸೇಡಾಗಿ ಎಲ್‌ಟಿಟಿಇ ಸಿಂಹಳ ನಾಗರಿಕರನ್ನು ಕೊಂದಿತು. ಅಕ್ಟೋಬರ್ 10ಕ್ಕೆ ಜಾಫ್ನಾವನ್ನು ಎಲ್‌ಟಿಟಿಇ ಕೈಯಿಂದ ಬಿಡಿಸುವ ನಮ್ಮ ಸೇನೆಯ ಕಾರ್ಯಾಚರಣೆ, ಆಪರೇಷನ್ ಪವನ್, ಶುರು. ಮದ್ರಾಸಿನಲ್ಲಿ ಭಾರತ ಆಸ್ಟ್ರೇಲಿಯಾಗೆ ಒಂದು ರನ್ನಿನಿಂದ ಸೋತ ಮಾರನೇ ದಿನ ಅದು. ಆ ಒಂದು ರನ್ನಿನ ಬಗ್ಗೆ ನಮ್ಮ ಬೀದಿ ಒಂದು ವಾರ ಮಾತಾಡಿತು.

ಯೂನಿವರ್ಸಿಟಿಯ ರಾತ್ರಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಟೋಬರ್ 11ರ ನಡುರಾತ್ರಿ ಎಂಐ-8 ಹೆಲಿಕಾಪ್ಟರ್‌ಗಳಲ್ಲಿ '10 ಪ್ಯಾರಾ ಕಮಾಂಡೊ' ಮತ್ತು '13 ಸಿಖ್ ಲೈಟ್ ಇನ್‌ಫೆಂಟ್ರಿ' ಅನ್ನುವ ಎರಡು ಬೆಟಾಲಿಯನ್ನಿನವರನ್ನು ಅಲ್ಲಿ ಇಳಿಸಿ, ಎಲ್‌ಟಿಟಿಇ ನಾಯಕರನ್ನು ಒಂದೇ ಏಟಿಗೆ ಹಿಡಿಯುವುದು ಪ್ಲಾನು. ಆದರೆ ಎದುರಾಳಿಗೆ ನಮ್ಮ ರೇಡಿಯೊ ಮಾತು ಕೇಳಿಸುತ್ತಿತ್ತು. ಇಳಿಯುವ ಜಾಗದ ಸುತ್ತ ಕಾದು ಕೂತಿದ್ದರು. ಗುಂಡಿನ ಮಳೆಯಲ್ಲಿ ಹೆಲಿಕಾಪ್ಟರ್‌ಗಳು ಮತ್ತೆ ಬರಲಾಗಲಿಲ್ಲ. ಇಳಿದಿದ್ದ 30 ಸಿಖ್ ಸೈನಿಕರು ಮೇಜರ್ ಬೀರೇಂದ್ರ ಸಿಂಗ್ ಜೊತೆ ಅಲ್ಲೇ ಉಳಿದರು. ಮದ್ದುಗುಂಡು ಮುಗಿಯುವವರೆಗೂ ಹೋರಾಡಿದರು. ಕಮಾಂಡೊಗಳಲ್ಲಿ ಆರು ಜನ ಸತ್ತರು. ಉಳಿದವರನ್ನು ತರಲು ಟಿ-72 ಟ್ಯಾಂಕುಗಳು ರಸ್ತೆ ಬಿಟ್ಟು ರೈಲು ಹಳಿ ಹಿಡಿದು ಹೋದವು, ಯಾಕಂದರೆ ರಸ್ತೆಯ ಅಡಿಯಲ್ಲೆಲ್ಲ ಮೈನು.

ಮೈನು ಅಂದರೆ ಮಾವನ ಕೆಲಸ. ಎಲ್ಲರಿಗಿಂತ ಮುಂದೆ ಮೋರಿ ಮೋರಿ ಬಗ್ಗಿ ನೋಡಿಕೊಂಡು, ತಾಳೆ ತೋಪಿನೊಳಗೆ ವೈರ್ ಎಲ್ಲಾದರೂ ಹೋಗಿದೆಯಾ ಅಂತ ಹುಡುಕುತ್ತಾ ನಡೆಯಬೇಕು. ತಂಬಿ ಅಂತ ಕರೆದು ಎಳನೀರು ಕೊಟ್ಟಿದ್ದ ಅದೇ ಬೀದಿಯಲ್ಲಿ ಈಗ ಕಿಟಕಿ ಹಾಕಿತ್ತು. ಒಳಗಿರುವುದು ಆ ಅಮ್ಮನಾ, ಬಂದೂಕಾ ಗೊತ್ತಾಗುತ್ತಿರಲಿಲ್ಲ ಅಂತ ಅವರು ಒಮ್ಮೆ ಮಾತ್ರ ಹೇಳಿದ್ದು.

ಇನ್ನೊಂದು ವಿಷಯ ಹೇಳದೆ ಈ ಪ್ರಕರಣ ಪೂರ್ತಿ ಆಗುವುದಿಲ್ಲ. ಅಕ್ಟೋಬರ್ 21, ದೀಪಾವಳಿ. ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದರು. ಅವತ್ತು ಮತ್ತು ಮಾರನೇ ದಿನ ಡಾಕ್ಟರು, ನರ್ಸು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಗುಂಡು ಬಂತು, ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕು ಸತ್ತರು ಅಂತ ನಮ್ಮ ಕಡೆಯ ವಿವರಣೆ. ಬದುಕಿ ಉಳಿದ ಸಿಬ್ಬಂದಿ ಹೇಳಿದ್ದು ಬೇರೆ: ಕೈ ಎತ್ತಿ ನಿಂತವರನ್ನೂ ಹೊಡೆದರು ಅಂತ. ನಾನು ಅವರ ಮಾತನ್ನು ನಂಬುತ್ತೇನೆ. ನಮ್ಮ ಸೈನಿಕರ ನೋವನ್ನು ಹೇಳುವವನು ಇದನ್ನೂ ಹೇಳಲೇಬೇಕು. ಅವತ್ತು ನಾವು ಎಣ್ಣೆ ಸ್ನಾನ ಮಾಡಿ, ಹೊಸ ಅಂಗಿ ಹಾಕಿಕೊಂಡು ಪಟಾಕಿ ಹೊಡೆಯುತ್ತಿದ್ದೆವು. ಅಜ್ಜಿ ಮಾವನ ಪಾಲಿನ ಕಜ್ಜಾಯ ಎತ್ತಿಟ್ಟಳು.

ತಿಂಗಳ ಕೊನೆಯ ಹೊತ್ತಿಗೆ ಜಾಫ್ನಾ ನಮ್ಮ ಸೇನೆಯ ಕೈಗೆ ಬಂತು. ಊರು ಗೆದ್ದೆವು, ಆದರೆ ಎಲ್‌ಟಿಟಿಇ ಕಾಡಿಗೆ ಹೋಯಿತು. ನವೆಂಬರ್ 25ಕ್ಕೆ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ರೈಫಲ್ ಕಿತ್ತುಕೊಂಡು ಅವನನ್ನೇ ಹೊಡೆದು ಪ್ರಾಣ ಬಿಟ್ಟರು. ಅವರಿಗೆ ಪರಮವೀರ ಚಕ್ರ ಬಂತು. ಪರಮವೀರ ಚಕ್ರ ಬಂದ ಯುದ್ಧವನ್ನೇ ಮರೆಯಬಹುದು ಅನ್ನುವುದು ನನಗೆ ಇವತ್ತಿಗೂ ಅರಗದ ಮಾತು.

ಈಗ ಮನೆಯ ಕಡೆಗೆ ಬರೋಣ.

ಜನರ ಪ್ರತಿಕ್ರಿಯೆ ಅಂದಕೂಡಲೇ ಎಲ್ಲರಿಗೂ ಅಮೆರಿಕ, ವಿಯೆಟ್ನಾಂ ನೆನಪಾಗುತ್ತದೆ. 1968ರ ಟೆಟ್ ಹಬ್ಬದ ದಾಳಿಯಲ್ಲಿ ದಾಳಿ ಮಾಡಿದ ವಿಯೆಟ್ನಾಂ ಕಮ್ಯುನಿಸ್ಟರೇ ಹೆಚ್ಚು ಜನರನ್ನು ಕಳೆದುಕೊಂಡರು. ಆದರೂ ಅಮೆರಿಕದ ಮನೆಗಳಲ್ಲಿ, ನಾವು ಗೆಲ್ಲುತ್ತಿದ್ದೇವೆ ಅನ್ನುವ ನಂಬಿಕೆ ಅವತ್ತು ಮುರಿಯಿತು. ಲಕ್ಷಗಟ್ಟಲೆ ಜನ ಬೀದಿಗೆ ಬಂದರು. ನಮ್ಮಲ್ಲಿ ಯಾಕೆ ಬರಲಿಲ್ಲ? ಅಲ್ಲಿ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುತ್ತಿದ್ದರು, ಹಾಗಾಗಿ ಕಾಲೇಜು ಹುಡುಗನ ಮನೆಗೂ ಯುದ್ಧ ಬಾಗಿಲು ತಟ್ಟುತ್ತಿತ್ತು. ನಮ್ಮಲ್ಲಿ ಸೇನೆಗೆ ಹೋಗುವವರು ಕೆಲವೇ ಊರು, ಕೆಲವೇ ಮನೆ. ನಮ್ಮ ಬೀದಿಯಲ್ಲಿ ಒಂದು ಮನೆಗೆ ಮಾತ್ರ ಎಪಿಒ ಕಾಗದ ಬರುತ್ತಿತ್ತು. ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಎಷ್ಟು ಮನೆಗೆ ಬಂದೀತು? ಇನ್ನು ರೇಡಿಯೊ, ಟಿವಿ ಎರಡೂ ಸರ್ಕಾರದ್ದು. ಆ ವರ್ಷ ಏಪ್ರಿಲ್‌ನಲ್ಲಿ ಸ್ವೀಡನ್ ರೇಡಿಯೊ ಬೊಫೋರ್ಸ್ ಲಂಚದ ಸುದ್ದಿ ಹೊರಗೆ ಹಾಕಿತ್ತು. ಪೇಪರಿನ ಮೊದಲ ಪುಟಕ್ಕೆ, ಕಟ್ಟೆ ಮಾತಿಗೆ ಅದೇ ಬೇಕಾದಷ್ಟಾಗಿತ್ತು. ಜೊತೆಗೆ ಬರ. ಜೊತೆಗೆ ಕ್ರಿಕೆಟ್ಟು. ಸತ್ತವರ ಸುದ್ದಿ ಎರಡು, ಮೂರು ಅಂತ ಬಿಡಿಬಿಡಿಯಾಗಿ ಬರುತ್ತಿತ್ತು, ಮತ್ತು ಬಿಡಿಬಿಡಿಯಾಗಿ ಬಂದ ಸಾವನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ಆದರೆ ಮುಖ್ಯ ಕಾರಣ ಅದಲ್ಲ. ಅಮೆರಿಕದವರಿಗೆ ಮುರಿಯಲು ಒಂದು ನಂಬಿಕೆಯಾದರೂ ಇತ್ತು. ನಮಗೆ ಅಂಥ ನಂಬಿಕೆ ಹುಟ್ಟಲೇ ಇಲ್ಲ. ಜುಲೈಯಲ್ಲಿ ನಮಗೆ ಹೇಳಿದ್ದು ಶಾಂತಿ ಕಾಯೋಕೆ ಹೋಗಿದ್ದಾರೆ ಅಂತ. ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗಲೂ ಪಡೆಯ ಹೆಸರು ಶಾಂತಿಪಾಲನಾ ಪಡೆಯೇ. ಯಾರ ಮೇಲೆ ಯುದ್ಧ, ಏನಾದರೆ ಮುಗಿದ ಹಾಗೆ, ಯಾವಾಗ ವಾಪಸ್? ಈ ಮೂರು ಪ್ರಶ್ನೆಗೆ ಜನರ ಮುಂದೆ ನೇರವಾದ ಉತ್ತರ ಬರಲಿಲ್ಲ. ಉತ್ತರ ಇಲ್ಲದ ಯುದ್ಧವನ್ನು ಬೆಂಬಲಿಸೋಕೂ ಆಗಲ್ಲ, ವಿರೋಧಿಸೋಕೂ ಆಗಲ್ಲ ಅಲ್ವಾ? ಸುಮ್ನೆ ಇರೋದೊಂದೇ ಉಳಿಯೋದು. ಬೆಂಗಳೂರು ಸುಮ್ಮನಿತ್ತು.

ತಮಿಳುನಾಡು ಸುಮ್ಮನಿರಲಿಲ್ಲ. ಅಲ್ಲಿ ಸಿಟ್ಟಿತ್ತು, ದುಃಖವಿತ್ತು. ನಮ್ಮ ಸೇನೆ ನಮ್ಮ ಭಾಷೆಯವರನ್ನೇ ಕೊಲ್ಲುತ್ತಿದೆ ಅನ್ನುವ ನೋವಿತ್ತು. 1989ರ ಜನವರಿಯಲ್ಲಿ ಡಿಎಂಕೆ ಗೆದ್ದು ಕರುಣಾನಿಧಿ ಮುಖ್ಯಮಂತ್ರಿ ಆದರು. ಇಷ್ಟು ನೋಡಿದರೆ ಜನ ಯುದ್ಧದ ವಿರುದ್ಧ ವೋಟು ಹಾಕಿದರು ಅನಿಸುತ್ತದೆ. ಆದರೆ ಅದೇ ವರ್ಷ ನವೆಂಬರ್ ಲೋಕಸಭಾ ಚುನಾವಣೆ ನೋಡಿ. ತಮಿಳುನಾಡಿನ 39 ಸೀಟಿನಲ್ಲಿ ಡಿಎಂಕೆಗೆ ಸೊನ್ನೆ. ಸೇನೆ ಕಳಿಸಿದ ಕಾಂಗ್ರೆಸ್ಸಿಗೆ 27, ಅದರ ಜೊತೆಗಿದ್ದ ಅಣ್ಣಾ ಡಿಎಂಕೆಗೆ 11. ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ 28ರಲ್ಲಿ 27 ಸೀಟು, ವಿಧಾನಸಭೆಯಲ್ಲಿ 224ಕ್ಕೆ 178. ಸೇನೆ ಆಗಲೂ ಶ್ರೀಲಂಕಾದಲ್ಲೇ ಇತ್ತು. ಯುದ್ಧ ಯಾರಿಗೂ ಬೇಡವಾಗಿತ್ತು, ಆದರೆ ಅದು ವೋಟಿನ ವಿಷಯ ಆಗಲಿಲ್ಲ. ರಾಜೀವ್ ಸೋತದ್ದು ಉತ್ತರದಲ್ಲಿ, ಬೇರೆ ಕಾರಣಗಳಿಗೆ. ಜನಾಭಿಪ್ರಾಯವನ್ನು ಚುನಾವಣೆ ಫಲಿತಾಂಶದಿಂದ ಓದುವ ಅಭ್ಯಾಸ ನಮಗೆ ಜಾಸ್ತಿ, ಈ ಪ್ರಕರಣದಲ್ಲಿ ಅದು ಪೂರ್ತಿ ದಾರಿ ತಪ್ಪಿಸುತ್ತದೆ.

ಆ ಹೊತ್ತಿಗೆ ಶ್ರೀಲಂಕಾದಲ್ಲಿ ಎಲ್ಲ ತಲೆಕೆಳಗಾಗಿತ್ತು. ದಕ್ಷಿಣದಲ್ಲಿ ಸಿಂಹಳರ ಎಡಪಂಥೀಯ ಪಕ್ಷ ಜೆವಿಪಿ ದಂಗೆ ಎದ್ದು, ಭಾರತದ ಸಾಮಾನು ಮಾರಬೇಡಿ ಅಂತ ಅಂಗಡಿಯವರನ್ನು ಹೆದರಿಸುತ್ತಿತ್ತು. ಒಪ್ಪಂದವನ್ನು ಮೊದಲಿನಿಂದಲೂ ವಿರೋಧಿಸಿದ್ದ ಪ್ರೇಮದಾಸ ಅಧ್ಯಕ್ಷರಾದರು. 1989ರ ಜೂನ್ 1ರಂದು, ಜುಲೈ ಕೊನೆಯೊಳಗೆ ಭಾರತದ ಸೇನೆ ಹೊರಡಬೇಕು ಅಂದರು. ಅಷ್ಟೇ ಅಲ್ಲ, ನಮ್ಮವರ ವಿರುದ್ಧ ಹೋರಾಡಲಿ ಅಂತ ಎಲ್‌ಟಿಟಿಇಗೇ ಆಯುಧ ಕೊಡಿಸಿದರು. ಕರೆದ ಸರ್ಕಾರವೇ ಹೋಗಿ ಅಂತು. ಕಾಯಲು ಹೋದ ಜನ ಹೋಗಿ ಅಂದರು. ದೆಹಲಿಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂದು ಬೇಗ ವಾಪಸ್ ಕರೆಸುತ್ತೇವೆ ಅಂತು. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಟ್ರಿಂಕೊಮಲಿಯಿಂದ ಹಡಗು ಹತ್ತಿತು.

ಮದ್ರಾಸ್ ಬಂದರಿನಲ್ಲಿ ಸ್ವಾಗತ ಇತ್ತು. ಮುಖ್ಯಮಂತ್ರಿ ಬರಲಿಲ್ಲ. ತಮಿಳರನ್ನು ಕೊಂದ ಸೇನೆಯನ್ನು ಸ್ವಾಗತಿಸಲಾರೆ ಅನ್ನುವುದು ಅವರ ನಿಲುವು. ಅದು ತಪ್ಪು ಅಂತ ನನ್ನ ಅಭಿಪ್ರಾಯ. ಯುದ್ಧಕ್ಕೆ ಕಳಿಸಿದವರು ದೆಹಲಿಯಲ್ಲಿದ್ದರು, ಹಡಗಿನಿಂದ ಇಳಿದವರಿಗೆ ಅದರಲ್ಲಿ ಆಯ್ಕೆ ಇರಲಿಲ್ಲ. ಆದರೆ ಅವರಾದರೂ ತಮ್ಮ ಸಿಟ್ಟನ್ನು ಬಾಯಿಬಿಟ್ಟು ಹೇಳಿದರು. ನಾವು ಅಷ್ಟೂ ಮಾಡಲಿಲ್ಲ. ಮಾವ ರಜೆ ಸಿಕ್ಕಿ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದಾಗ ಅಮ್ಮ, ನಾನು, ಅಜ್ಜಿ ಹೋಗಿದ್ದೆವು. ಟ್ರಂಕು ಹೊತ್ತ ಕೂಲಿ, ಎಲ್ಲಿಂದ ಸಾರ್ ಅಂತ ಕೇಳಿದ. ಮದ್ರಾಸಿನಿಂದ ಅಂದರು ಮಾವ. ಬೀದಿಯವರು ಎರಡು ದಿನ ಬಂದು ಮಾತಾಡಿಸಿದರು. ಅಲ್ಲಿ ಏನು ಚೀಪು, ಟೇಪ್ ರೆಕಾರ್ಡರ್ ತಂದಿರಾ ಅಂತ ಕೇಳಿದರು. ಕೆಟ್ಟ ಜನ ಅಲ್ಲ ಅವರು. ಅವರಿಗೆ ಬೇರೆ ಏನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ಯುದ್ಧದಲ್ಲಿ ಸತ್ತವರನ್ನು ನೆನಪಿಟ್ಟುಕೊಳ್ಳುವುದು ನಮ್ಮ ಊರಿಗೆ ಹೊಸದಾಗಿ ಕಲಿಯಬೇಕಾದ ವಿಷಯವೂ ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. 'ಬೆಂಗಳೂರು' ಅನ್ನುವ ಹೆಸರು ಸಿಗುವ ಅತಿ ಹಳೆಯ ಬರಹ ಅದು. ಅದರಲ್ಲಿರುವುದು ರಾಜನ ಹೊಗಳಿಕೆ ಅಲ್ಲ, ಬೆಂಗಳೂರು ಕಾಳಗದಲ್ಲಿ ಸತ್ತ ಒಬ್ಬನ ಸುದ್ದಿ. ಯಾವ ಕಾಳಗ, ಯಾಕೆ, ಯಾರು ಗೆದ್ದರು ಅನ್ನುವುದೆಲ್ಲ ಮಾಸಿದೆ, ಸತ್ತವನ ನೆನಪಿಗೆ ಹಾಕಿದ ಅಕ್ಷರ ಉಳಿದಿದೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಐಪಿಕೆಎಫ್ ಸೈನಿಕರ ಹೆಸರು ಬರಲು 2019 ಆಗಬೇಕಾಯಿತು. ಅದಕ್ಕೂ ಮೊದಲೇ ಶ್ರೀಲಂಕಾದಲ್ಲಿ, ಅವರ ಪಾರ್ಲಿಮೆಂಟಿನ ಹತ್ತಿರ, ನಮ್ಮವರ ಹೆಸರು ಕಪ್ಪು ಕಲ್ಲಿನ ಮೇಲೆ ಕೆತ್ತಿ ಆಗಿತ್ತು.

ಬೆಂಗಳೂರಿಗೆ ಈ ಯುದ್ಧ ಕಣ್ಣಿಗೆ ಬಿದ್ದದ್ದು ಒಂದೇ ಸಲ. 1991ರ ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇ ಕೈಯಲ್ಲಿ ರಾಜೀವ್ ಗಾಂಧಿ ಹತ್ಯೆ ಆಯಿತು. ಸೇನೆ ಕಳಿಸಿದ್ದಕ್ಕೆ ಸೇಡು, ಮತ್ತೆ ಅಧಿಕಾರಕ್ಕೆ ಬಂದರೆ ಮತ್ತೆ ಕಳಿಸುತ್ತಾರೆ ಅನ್ನುವ ಭಯ. ತಮಿಳುನಾಡಿನಲ್ಲಿ ಎಲ್‌ಟಿಟಿಇ ಬಗ್ಗೆ ಇದ್ದ ಮರುಕ ಆ ಒಂದು ರಾತ್ರಿಗೆ ಕರಗಿತು. ಮಾರನೇ ವರ್ಷ ಮೇಯಲ್ಲಿ ಭಾರತ ಆ ಸಂಘಟನೆಯನ್ನು ನಿಷೇಧಿಸಿತು. ಹತ್ಯೆಯ ಹಿಂದಿದ್ದ ಶಿವರಾಸನ್ ಮತ್ತು ಜೊತೆಗಾರರು ಕೊನೆಗೆ ಅಡಗಿದ್ದು ನಮ್ಮ ಕೋಣನಕುಂಟೆಯಲ್ಲಿ. ಈಗ ಮೆಟ್ರೊ ನಿಲ್ಲುತ್ತದಲ್ಲ, ಆ ಕಡೆಯೇ. ಆಗ ಊರಾಚೆ. 1991ರ ಆಗಸ್ಟ್ ತಿಂಗಳಲ್ಲಿ ಆ ಮನೆ ಸುತ್ತುವರಿದು, ಸಯನೈಡಿಗೆ ಮದ್ದು ಬರಲಿ ಅಂತ ಕಮಾಂಡೊಗಳು ಕಾದರು. 20ರ ಬೆಳಗ್ಗೆ ಒಳಗೆ ನುಗ್ಗಿದಾಗ ಏಳು ಹೆಣ. ಅವತ್ತು ರಾಜೀವ್ ಹುಟ್ಟಿದ ದಿನ. ಊರಿಗೆ ಊರೇ ನೋಡಲು ಹೋಗಿತ್ತು. ನಮ್ಮ ಬೀದಿಯಿಂದಲೂ ಹುಡುಗರು ಹೋಗಿ ಬಂದರು.

ಮಾವ ಅವತ್ತು ರಜೆಯಲ್ಲಿ ಮನೆಯಲ್ಲೇ ಇದ್ದರು. ನೋಡೋಕೆ ಹೋಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಸಾರು ಬಡಿಸುತ್ತಾ, ನಾಲ್ಕು ವರ್ಷದಲ್ಲಿ ಮೊದಲನೇ ಸಲ ಕೇಳಿದಳು:

"ಇವರ ಜೊತೆನೇ ಏನೋ ನೀನು ಯುದ್ಧ ಮಾಡಿದ್ದು?"

"ಹೂಂ ಅಮ್ಮ."

"ಮತ್ತೆ ಕಾಯೋಕೆ ಹೋಗಿದೀನಿ ಅಂತ ಕಾಗದ ಬರೆದಿದ್ದೆ?"

"ಬರೆಯೋವಾಗ ಕಾಯೋಕೇ ಹೋಗಿದ್ದು" ಅಂದರು ಮಾವ. ಆಮೇಲೆ ತಿಲೀಪನ್‌ನಿಂದ ಶುರುಮಾಡಿ, ಮೋರಿ, ತಾಳೆ ತೋಪು, ಎಳನೀರು ಕೊಟ್ಟ ಅಮ್ಮ, ತಮ್ಮ ಪಕ್ಕದಲ್ಲೇ ನಡೆಯುತ್ತಿದ್ದು ಕಾಲಡಿ ಮೈನು ಸಿಡಿದು ಸತ್ತ ಗೆಳೆಯ, ಎಲ್ಲ ಹೇಳಿದರು. ತಟ್ಟೆಯಲ್ಲಿ ಕೈ ಒಣಗಿತ್ತು. ಅಜ್ಜಿ ಬಡಿಸುವ ಸೌಟು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತು ಕೇಳಿದಳು.